ಲಾಸ್ ಬಾನ್ಯೋಸ್‌ಗೆ ಬರುವ ತಂಗಿಗೆ: ಇಲ್ಲಿನ ದೊಡ್ಡವರ ಹೆಸರುಗಳು

ತಂಗೀ, ಭತ್ತದ ಸಂಶೋಧನೆಗೆಂದು ಫಿಲಿಪೈನ್ಸ್ ದೇಶದ ಲಾಸ್ ಬಾನ್ಯೋಸ್‌ಗೆ ಬರುತ್ತಿದ್ದೀನಿ ಎಂದು ಬರೆದು ಮೂರು ಮಾತು ಕೇಳಿದ್ದೀಯ. ಊಟ ಹೇಗೆ, ಮನೆ ಹೇಗೆ, ಮತ್ತು "ಅಣ್ಣಾ, ಬಾಕ್ಸಿಂಗ್‌ನ ಪಕ್ಯಾವೋ ಬಿಟ್ಟರೆ ಅಲ್ಲಿಯವರು ಯಾರೂ ಗೊತ್ತಿಲ್ಲ, ಯಾರ ಬಗ್ಗೆ ತಿಳಿದುಕೊಂಡು ಬರಲಿ?" ಮೂರನೆಯದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನಾನು ಬಂದಿಳಿದಾಗ ನಮ್ಮ ಹಿರಿಯರು ತೊಗರಿಬೇಳೆ ಎಲ್ಲಿ ಸಿಗುತ್ತದೆಂದು ತೋರಿಸಿದರೇ ಹೊರತು ಈ ನೆಲದ ವಿದ್ವಾಂಸರ ಹೆಸರು ಒಂದನ್ನೂ ಹೇಳಲಿಲ್ಲ.

ಊಟ: ಮೂರು ಹೊತ್ತೂ ಅನ್ನ, ಆ ಚಿಂತೆ ಬೇಡ. ಆದರೆ ತರಕಾರಿ ಪಲ್ಯವೆಂದು ಕಾಣುವ ಪಿನಕ್ಬೆಟ್‌ನಲ್ಲಿ ಬಾಗೋಂಗ್ ಇರುತ್ತದೆ, ಅದು ಸೀಗಡಿ ಅಥವಾ ಮೀನನ್ನು ಉಪ್ಪಲ್ಲಿ ಕೊಳೆಹಾಕಿ ಮಾಡಿದ್ದು. ಹೆಸರುಕಾಳಿನ ಸಾರಿಗೂ ಒಣಮೀನೋ ಹಂದಿಮಾಂಸವೋ ಬೀಳುವುದುಂಟು. ಕೇಳಿಯೇ ತಿನ್ನು. ಮನೆ: ಸರೋವರದ ಕಡೆಯ ತಗ್ಗಿನ ಬೀದಿ ಬೇಡ, ಜೂನ್‌ನಿಂದ ನವೆಂಬರ್‌ವರೆಗಿನ ಚಂಡಮಾರುತಗಳಲ್ಲಿ ನೀರು ನುಗ್ಗುತ್ತದೆ. ಉಳಿದದ್ದು ಬಂದ ಮೇಲೆ ನೋಡೋಣ.

ಇನ್ನು ಹೆಸರು. ಮೊದಲು ಅವುಗಳ ಕಟ್ಟು ತಿಳಿದುಕೋ. ನಮ್ಮಲ್ಲಿ ಊರಿನ, ತಂದೆಯ ಇನಿಶಿಯಲ್ ಮುಂದಿರುತ್ತದೆ. ಇಲ್ಲಿ ನಡುವಿನ ಅಕ್ಷರ ತಾಯಿಯ ತವರಿನ ಅಡ್ಡಹೆಸರು, ಕೊನೆಯದು ತಂದೆಯದು. ಮದುವೆಯಾದ ಹೆಣ್ಣುಮಕ್ಕಳು ಗಂಡನ ಅಡ್ಡಹೆಸರು ಹಿಡಿದರೆ ತಮ್ಮ ತವರಿನ ಹೆಸರನ್ನು ನಡುವೆ ಇಟ್ಟುಕೊಳ್ಳುತ್ತಾರೆ. ಇಲ್ಲಿಯ ಮಕ್ಕಳ ವೈದ್ಯೆ ಫೆ ಡೆಲ್ ಮುಂಡೋ ಅವರ ಅಡ್ಡಹೆಸರು ಪೂರ್ತಿ "ಡೆಲ್ ಮುಂಡೋ", ಬರೀ "ಮುಂಡೋ" ಎಂದು ಬರೆದರೆ ತಪ್ಪು. ನಿನ್ನದೇ ಅರ್ಜಿಗಳಲ್ಲಿ ನಡುವಿನ ಹೆಸರಿನ ಕಾಲಂ ಬಂದರೆ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ತುಂಬು. ಅಲ್ಲಿಲ್ಲದ್ದನ್ನು ಸೇರಿಸಿದರೆ ಒಂದು ಕಾಗದಕ್ಕೂ ಇನ್ನೊಂದಕ್ಕೂ ಹೆಸರು ತಾಳೆಯಾಗದೆ ಓಡಾಟ ಶುರುವಾಗುತ್ತದೆ.

ನೀನು ಮೊದಲು ತಿಳಿಯಬೇಕಾದವರು ರಾಮೋನ್ ಬಾರ್ಬಾ. ಇದೇ ಊರಿನ ವಿಶ್ವವಿದ್ಯಾಲಯದ ತೋಟಗಾರಿಕೆ ವಿಜ್ಞಾನಿ, 2014ರಲ್ಲಿ ಅವರಿಗೆ ರಾಷ್ಟ್ರೀಯ ವಿಜ್ಞಾನಿ ಗೌರವ ಸಿಕ್ಕಿತು. ಮಾವು ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈಕೊಡುವುದು ನಮ್ಮ ಶ್ರೀನಿವಾಸಪುರದವರಿಗೆ ಹೊಸದಲ್ಲ. ಇಲ್ಲಿಯ ರೈತರು ಹೂ ಬರಿಸಲು ಮರದಡಿ ದಿನಗಟ್ಟಲೆ ಹೊಗೆ ಹಾಕುತ್ತಿದ್ದರು. ಪೊಟ್ಯಾಸಿಯಂ ನೈಟ್ರೇಟ್ ಸಿಂಪಡಿಸಿದರೆ ಆ ಕೆಲಸ ಆಗುತ್ತದೆಂದು 1970ರ ದಶಕದಲ್ಲಿ ತೋರಿಸಿದವರು ಬಾರ್ಬಾ. ಪ್ರಮಾಣ ಶೇ. 1, ಅಂದರೆ 100 ಲೀಟರ್ ನೀರಿಗೆ 1 ಕೆಜಿ. ನಮ್ಮ ಗೊಬ್ಬರದಂಗಡಿಯಲ್ಲಿ 13-0-45 ಎಂದು ಸಿಗುವುದೂ ಅದೇ ಲವಣ.

ಕೆಡುವುದು ಎಲ್ಲಿ ಎಂಬುದನ್ನೂ ತಿಳಿದಿರು. ನೈಟ್ರೇಟ್ ಹೂವನ್ನು ಹುಟ್ಟಿಸುವುದಿಲ್ಲ, ಹೂವಾಗಲು ಸಿದ್ಧವಾಗಿ ಮಲಗಿರುವ ಮೊಗ್ಗನ್ನು ಎಬ್ಬಿಸುತ್ತದೆ. ಆದ್ದರಿಂದ ಎಲೆ ಬಲಿತಿರಬೇಕು: ಕಡು ಹಸಿರಾಗಿ, ಮುಷ್ಟಿಯಲ್ಲಿ ಹಿಸುಕಿದರೆ ಪಟಪಟನೆ ಮುರಿಯುವಂತಿರಬೇಕು. ಎಳೆ ಕೊಂಬೆಗೆ ಹೊಡೆದರೆ ಹೂವಿನ ಬದಲು ಚಿಗುರು ಬರುತ್ತದೆ. ಹೊಡೆದ ದಿನವೇ ಮಳೆ ಬಂದರೆ ಔಷಧ ತೊಳೆದುಹೋಗುತ್ತದೆ, ದ್ರಾವಣ ಗಟ್ಟಿಯಾದರೆ ಎಲೆಯ ಅಂಚು ಸುಡುತ್ತದೆ. ಎಲ್ಲ ಸರಿಯಾದರೆ ಒಂದೆರಡು ವಾರದಲ್ಲಿ ಮೊಗ್ಗು ಉಬ್ಬುತ್ತದೆ. ಅಲ್ಲಿಂದ ಜಿಗಿಹುಳು, ಚಿಬ್ಬುರೋಗ ತಗುಲದಂತೆ ಕಾಯದಿದ್ದರೆ ಬಂದ ಹೂವೂ ಉದುರುತ್ತದೆ. ಇಲ್ಲಿಯ ಕರಬಾವ್ ತಳಿ ಇದಕ್ಕೆ ಚೆನ್ನಾಗಿ ಒಲಿಯುತ್ತದೆ, ಎಲ್ಲ ತಳಿಗಳೂ ಹಾಗಲ್ಲ. ನಮ್ಮ ಕಡೆ ಬುಡಕ್ಕೆ ಹಾಕುವ ಪ್ಯಾಕ್ಲೋಬ್ಯುಟ್ರಜಾಲ್‌ನ ದಾರಿಯೇ ಬೇರೆ, ಅದು ಚಿಗುರಿನ ಬೆಳವಣಿಗೆಯನ್ನು ತಡೆದು ಹೂವಿಗೆ ಎಡೆ ಮಾಡುತ್ತದೆ.

ಬಾರ್ಬಾ 2021ರಲ್ಲಿ ತೀರಿಕೊಂಡರು. ಶ್ರೀನಿವಾಸಪುರದ ಬೆಳೆಗಾರರೊಬ್ಬರನ್ನು ಅವರೆದುರು ಕೂರಿಸಿ ಬಾದಾಮಿ, ಮಲ್ಲಿಕಾ ಬಗ್ಗೆ ಮಾತಾಡಿಸಬೇಕೆಂಬ ಆಸೆ ನನ್ನಲ್ಲಿ ಹಾಗೇ ಉಳಿದುಹೋಯಿತು. ಗ್ರಾಮೀಣ ಸಮಾಜವಿಜ್ಞಾನಿ ಹೆಲಿಯಾ ಕಾಸ್ಟಿಲ್ಯೋ ಅವರೂ 2017ರಲ್ಲಿ ಹೋದರು. ಹೊಸ ತಳಿಯಿಂದ ಇಳುವರಿ ಎಷ್ಟು ಏರಿತೆಂದು ಎಲ್ಲರೂ ಅಳೆಯುತ್ತಿದ್ದಾಗ, ಗೇಣಿದಾರನ ಮನೆಯಲ್ಲಿ ಏನು ಬದಲಾಯಿತೆಂದು ಕೇಳಿದವರು ಆಕೆ. ತಳಿ ಅಭಿವೃದ್ಧಿಗೆ ಬರುವ ನೀನು ಆಕೆಯ ಬರಹ ಓದದೆ ಹೊಲಕ್ಕೆ ಇಳಿಯಬೇಡ. ಇರುವ ಹಿರಿಯರನ್ನು ಮೊದಲ ವರ್ಷವೇ ಹೋಗಿ ನೋಡು. ನಾವು ಕ್ಯಾಂಪಸ್‌ನೊಳಗೆ ನಮ್ಮನಮ್ಮವರೇ ಕೂತು, ಈ ದೇಶದವರನ್ನು ಡ್ರೈವರ್, ಸೆಕ್ಯುರಿಟಿ, ಲ್ಯಾಬ್ ಸಹಾಯಕರಾಗಿ ಮಾತ್ರ ಕಂಡು ವರ್ಷಗಳನ್ನು ಕಳೆದುಬಿಡುತ್ತೇವೆ. ಇಲ್ಲಿ ನನಗೆ ಕಷ್ಟವಾಗಿ ಅರಿವಾದ ಸಂಗತಿ ಇದೇ.

ಇನ್ನೊಂದು ಎಚ್ಚರಿಕೆ. ಟ್ಯೂಬ್‌ಲೈಟನ್ನು ಆಗಾಪಿಟೋ ಫ್ಲೋರೆಸ್ ಎಂಬ ಫಿಲಿಪಿನೋ ಕಂಡುಹಿಡಿದನೆಂಬ ಮಾತು ಕಿವಿಗೆ ಬೀಳುತ್ತದೆ. ಅದು ಸುಳ್ಳು, ಇಲ್ಲಿಯ ವಿಜ್ಞಾನಿಗಳೇ ಒಪ್ಪುವುದಿಲ್ಲ. ಮೆಚ್ಚಿಸಲೆಂದು ಅದನ್ನು ಹೇಳಿದರೆ ಎದುರಿನವರಿಗೆ ಮುಜುಗರ. ನಿಜವಾದದ್ದೇ ಬೇಕಾದಷ್ಟಿದೆ. ಆಗಲೇ ಹೇಳಿದ ಫೆ ಡೆಲ್ ಮುಂಡೋ ಕರೆಂಟಿಲ್ಲದ ಹಳ್ಳಿಗಳಿಗೆಂದು ಬಿದಿರಿನ ಬುಟ್ಟಿಯೊಳಗೆ ಚಿಕ್ಕ ಬುಟ್ಟಿ ಇಟ್ಟು, ನಡುವೆ ಬಿಸಿನೀರಿನ ಬಾಟಲಿ ಜೋಡಿಸಿ ಇನ್‌ಕ್ಯುಬೇಟರ್ ಮಾಡಿದರು. 1977ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಡಾಕ್ಟರ್ ಅಬೆಲಾರ್ಡೋ ಆಗಿಲಾರ್ 1949ರಲ್ಲಿ ಇಲೋಯಿಲೋದ ಮಣ್ಣನ್ನು ಅಮೆರಿಕದ ಔಷಧ ಕಂಪನಿಗೆ ಕಳಿಸಿದರು, ಎರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಸಿಕ್ಕಿದ್ದು ಆ ಮಣ್ಣಿನಿಂದ. ಅವರಿಗೆ ರಾಯಧನದ ಪಾಲು ಬರಲಿಲ್ಲ, ಇಲ್ಲಿಯವರ ಮನಸ್ಸಲ್ಲಿ ಆ ನೋವು ಇನ್ನೂ ಇದೆ. ಲೂರ್ಡೆಸ್ ಕ್ರೂಸ್ ಮತ್ತು ಬಾಲ್ಡೊಮೇರೋ ಒಲಿವೇರಾ ಶಂಕುಬಸವನಹುಳುವಿನ ವಿಷದ ಮೇಲೆ ನಡೆಸಿದ ಕೆಲಸ, ಬೆನ್ನುಹುರಿಯ ದ್ರವಕ್ಕೆ ಕೊಡುವ ನೋವುನಿವಾರಕ ಜಿಕೊನೊಟೈಡ್‌ಗೆ ದಾರಿಯಾಯಿತು. ಅದಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಲೇಖಕರಲ್ಲಿ ಹೋಸೆ ರಿಸಾಲ್ ಮೊದಲು. ಕಣ್ಣಿನ ವೈದ್ಯ, ಎರಡು ಕಾದಂಬರಿ ಬರೆದವ. 1896ರ ಡಿಸೆಂಬರ್ 30ರಂದು ಸ್ಪೇನಿನವರು ಗುಂಡಿಟ್ಟು ಕೊಂದರು. ಆ ಕಾದಂಬರಿಗಳು 1956ರ ಕಾನೂನಿನ ಪ್ರಕಾರ ಪಠ್ಯ, ಹಾಗಾಗಿ ಓದಿದವರೆಲ್ಲರಿಗೂ ಗೊತ್ತು. ಹುಟ್ಟೂರು ಕಲಾಂಬಾ ನಮ್ಮ ಪಕ್ಕದ್ದೇ, ಜೀಪ್ನಿಯಲ್ಲಿ, ಅಂದರೆ ಇಲ್ಲಿಯ ಉದ್ದನೆಯ ಬಾಡಿಗೆ ಜೀಪಿನಲ್ಲಿ, ಹೋಗಬಹುದು. ಈಗ ಮ್ಯೂಸಿಯಂ ಆಗಿರುವ ಅವರ ಮನೆ ಸೋಮವಾರ ಮುಚ್ಚಿರುತ್ತದೆ. ಆಮೇಲೆ ಎಫ್. ಸಿಯೋನಿಲ್ ಹೋಸೆ, ನಿಕ್ ಹ್ವಾಕಿನ್. ಇಬ್ಬರೂ ಮ್ಯಾಗ್ಸೆಸೆ ಪಡೆದವರು, ಇಂಗ್ಲಿಷಿನಲ್ಲೇ ಬರೆದದ್ದರಿಂದ ನಿನಗೆ ಸುಲಭ.

ಶಾಂತಿಯ ಮಾತಿಗೆ ಬಂದರೆ, ಮಿರಿಯಮ್ ಕೊರೊನೆಲ್-ಫೆರರ್ ಸರ್ಕಾರದ ಮುಖ್ಯ ಸಂಧಾನಕಾರರಾಗಿ 2014ರ ಮಾರ್ಚ್ 27ರಂದು ದಕ್ಷಿಣದ ಮಿಂಡನಾವೋ ದ್ವೀಪದ ಮೋರೋ ಮುಸ್ಲಿಂ ಬಂಡುಕೋರರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿದರು, 2023ರಲ್ಲಿ ಮ್ಯಾಗ್ಸೆಸೆ ಪಡೆದರು. ಪತ್ರಕರ್ತೆ ಮಾರಿಯಾ ರೆಸ್ಸಾಗೆ 2021ರ ಶಾಂತಿ ನೊಬೆಲ್ ರಷ್ಯಾದ ಮುರಾತೊವ್ ಜೊತೆ ಬಂತು, ಈ ದೇಶದ ಮೊದಲ ನೊಬೆಲ್ ಅದು. ಆಕೆಯ ವಿಷಯದಲ್ಲಿ ಮನೆಮನೆಯಲ್ಲೂ ಎರಡು ಮಾತಿದೆ. ನೀನಾಗಿ ಎತ್ತಬೇಡ, ಅವರು ಎತ್ತಿದರೆ ಕೇಳಿಸಿಕೋ. ರಾಜಕೀಯ ಮೆರವಣಿಗೆಗೆ ಮಾತ್ರ ಕಾಲಿಡಬೇಡ, ವಿದೇಶಿಯರನ್ನು ಅದಕ್ಕಾಗಿ ಗಡೀಪಾರು ಮಾಡುತ್ತಾರೆ.

ನಮ್ಮವರ ವಿಷಯ ಕೇಳಿದರೆ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರ ಹೆಸರು ಹೇಳು. 1991ರಲ್ಲಿ ಅವರಿಗೂ ಮ್ಯಾಗ್ಸೆಸೆ ಬಂದಿತ್ತು. ಇಲ್ಲಿ ಕೂತು ನೀನಾಸಂ ನಾಟಕಗಳ ಬಗ್ಗೆ ಹೇಳುವಾಗ ನನಗೆ ಊರು ನೆನಪಾಗಿ ಮಾತು ಉದ್ದವಾಗುತ್ತದೆ, ನಿನಗೂ ಹಾಗೇ ಆದೀತು.

ಪರವಾನಗಿ ಇಲ್ಲದೆ ಬೀಜ ಒಂದು ಕಾಳೂ ತರಬೇಡ. ರಾಗಿ ಹಿಟ್ಟು ತರುವುದಾದರೆ ಒಡೆಯದ ಪ್ಯಾಕೆಟ್‌ನಲ್ಲಿರಲಿ, ಕಸ್ಟಮ್ಸ್ ಚೀಟಿಯಲ್ಲಿ ಬರೆದು ತೋರಿಸು.