ಬಿಚ್ಚುವುದೋ, ಬಿಡಿಸುವುದೋ?

ಬೆಂಗಳೂರಿನ ಆಫೀಸಿನಲ್ಲಿ ‘ಈ ಸಮಸ್ಯೆ ಬಿಚ್ಚೋಣ’ ಎಂದಾಗ ಜೊತೆಯವರು ‘ಬಿಡಿಸೋಣ’ ಎಂದು ತಿದ್ದಿದ್ದೇಕೆ ಅಂತ ಕೇಳಿದ್ದೀರಿ. ಅವರು ತಿದ್ದಿದ್ದು ಸರಿ. ಕಟ್ಟಿದ್ದನ್ನು, ಮುಚ್ಚಿದ್ದನ್ನು ಬಿಚ್ಚುತ್ತೇವೆ: ಗಂಟು, ಗುಂಡಿ, ಛತ್ರಿ. ಒಂದಕ್ಕೊಂದು ಸಿಕ್ಕಿಕೊಂಡಿದ್ದನ್ನು ಬಿಡಿಸುತ್ತೇವೆ. ತಲೆ ಬಾಚುವಾಗ ಎರಡೂ ಬರುತ್ತವೆ. ಮೊದಲು ಜಡೆ ಬಿಚ್ಚಿ, ಆಮೇಲೆ ತುದಿಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಸಿಕ್ಕು ಬಿಡಿಸಬೇಕು. ಬುಡದಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಸೇರಿ ಬಿಗಿಯುತ್ತದೆ, ಕೂದಲು ಕಿತ್ತುಬರುತ್ತದೆ.

‘ಬಿಡು’ಗೆ ‘ಇಸು’ ಸೇರಿ ‘ಬಿಡಿಸು’ ಆಗಿದೆ, ಅಂದರೆ ಬಿಡುವಂತೆ ಮಾಡು. ಅದಕ್ಕೇ ಅದರ ಹರವು ದೊಡ್ಡದು: ಲೆಕ್ಕ, ಒಗಟು, ಜಗಳ, ಅವರೆಕಾಯಿ, ಅಡವಿಟ್ಟ ಒಡವೆ, ಎಲ್ಲವನ್ನೂ ಬಿಡಿಸುತ್ತೇವೆ. ರಂಗೋಲಿ ಬಿಡಿಸುವುದು ಮಾತ್ರ ಬೇರೆ, ಅಲ್ಲಿ ಬರೆಯುವುದೆಂದೇ ಅರ್ಥ.

ಒಂದು ಜೋಡಿಯನ್ನು ಮಾತ್ರ ದಯವಿಟ್ಟು ಅದಲುಬದಲು ಮಾಡಬೇಡಿ. ‘ಬಿಡಿಸಿ ಹೇಳಿ’ ಎಂದರೆ ವಿವರವಾಗಿ ಹೇಳಿ. ‘ಮನಸ್ಸು ಬಿಚ್ಚಿ ಹೇಳಿ’ ಎಂದರೆ ಮುಚ್ಚಿಡದೆ ಹೇಳಿ.

ಅಂದಹಾಗೆ, ‘ಜಟಿಲ’ದಲ್ಲೂ ಕೂದಲಿದೆ: ಸಂಸ್ಕೃತದಲ್ಲಿ ಜಟೆಯುಳ್ಳದ್ದು ಎಂದೇ ಮೂಲಾರ್ಥ. ಮೀಟಿಂಗಿನಲ್ಲಿ ‘ಸಮಸ್ಯೆ ಬಗೆಹರಿಸೋಣ’ ಎಂದರೆ ಇನ್ನೂ ಸಹಜ. ‘ಕಗ್ಗಂಟಾಗಿದೆ, ಬಿಡಿಸೋಣ’ ಎಂದರೂ ಚೆನ್ನ. ಹೆಸರಿನಲ್ಲಿ ಗಂಟಿದ್ದರೂ ಕಗ್ಗಂಟನ್ನು ಬಿಡಿಸುವುದೇ ರೂಢಿ.