ಹೊಳೆಯುವ ಸ್ಕೇಲು ಬಿಡಿ, ಓದಲು ಬರುವ ಸ್ಕೇಲು ಕೊಳ್ಳಿ

ಮರಗೆಲಸದ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಸ್ಟೀಲ್ ಸ್ಕೇಲಿನದು ಮುಗಿಯುವುದೇ ಇಲ್ಲ. ಗರಗಸ, ಉಳಿ ಕೊಳ್ಳುವ ಮುಂಚೆ ನಾಲ್ಕು ಜನರನ್ನು ಕೇಳುತ್ತಾರೆ. ಸ್ಕೇಲನ್ನು ಮಾತ್ರ ಅಂಗಡಿಯವರು ಕೈಗೆ ಕೊಟ್ಟದ್ದನ್ನೇ ಹಿಡಿದುಕೊಂಡು ಬರುತ್ತಾರೆ. ಆಮೇಲೆ ಜಾಯಿಂಟು ಕೂರುತ್ತಿಲ್ಲ, ಡ್ರಾಯರ್ ಹಿಡಿಯುತ್ತಿದೆ ಎಂದು ಬರೆಯುತ್ತಾರೆ. ಅದಕ್ಕೇ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಎಷ್ಟು ಬೇಕೋ ಅಷ್ಟೇ. ಅಳೆಯುವುದು ಹೇಗೆ ಎಂಬುದು ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು, ಮೂಡಿಗೆರೆ ತಾಲ್ಲೂಕಿನವನು. ತೋಟದ ಸಿಲ್ವರ್ ಓಕ್ ಕೊಯ್ಯಿಸಿ ಒಣಗಿಸಿ ಇಟ್ಟಿದ್ದೇನೆ. ಮನೆಗೊಂದು ಕಪಾಟು ನಾನೇ ಮಾಡಬೇಕೆಂದು ಆಸೆ. ಪೇಟೆಯಿಂದ ಒಂದಡಿಯ ಸ್ಟೀಲ್ ಸ್ಕೇಲು ತಂದೆ. ಲೈಟ್ ಹಾಕಿದರೆ ಪಳಪಳ ಅನ್ನುತ್ತದೆ, ಗೆರೆ ಕಾಣುವುದಿಲ್ಲ. ಆರಿಸಿದರೆ ಕತ್ತಲೆ. ಕನ್ನಡಕ ಬದಲಿಸಿದರೂ ಅಷ್ಟೇ. ಒಳ್ಳೆಯ ಸ್ಕೇಲು ಯಾವುದು ಸಾರ್?

ಕನ್ನಡಕಕ್ಕೆ ಇನ್ನೂ ದುಡ್ಡು ಹಾಕಬೇಡಿ. ತಪ್ಪು ಸ್ಕೇಲಿನದು.

ಪಾಲಿಶ್ ಮಾಡಿದ ಸ್ಟೀಲು ಕನ್ನಡಿಯೇ. ಮೇಲಿನ ಟ್ಯೂಬ್‌ಲೈಟ್ ಅದರಲ್ಲಿ ಹಾಗೇ ಕಾಣುತ್ತದೆ. ಆ ಬೆಳಕಿನ ಪಟ್ಟೆ ಬಿದ್ದ ಜಾಗದಲ್ಲಿ ಗೆರೆ ಮಾಯ. ಸ್ಕೇಲನ್ನು ಸ್ವಲ್ಪ ಓರೆ ಮಾಡಿದರೆ ಇಲ್ಲಿ ಕಾಣುತ್ತದೆ, ಅಲ್ಲಿ ಹೋಗುತ್ತದೆ. ಅಂಗಡಿಗಳಲ್ಲಿ 'ಹೊಳೆಯೋದೇ ಒರಿಜಿನಲ್' ಎಂದು ಹೇಳಿ ಮಾರುವುದನ್ನು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಳಪಿಗೂ ಅಳತೆಗೂ ಯಾವ ಸಂಬಂಧವೂ ಇಲ್ಲ. ಕೆಲಸಗಾರರು ಕೇಳಬೇಕಾದದ್ದು ಮ್ಯಾಟ್ ಫಿನಿಶ್, ಇಲ್ಲವೇ ಸ್ಯಾಟಿನ್ ಕ್ರೋಮ್. ಅದು ಬೂದು ಬಣ್ಣದಲ್ಲಿ ಮಂಕಾಗಿ ಕಾಣುತ್ತದೆ. ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆದುರಿಸಿಬಿಡುತ್ತದೆ. ಹಾಗಾಗಿ ಕಪ್ಪು ಗೆರೆ ಯಾವ ಕೋನದಲ್ಲಿ ಹಿಡಿದರೂ ಕಪ್ಪಾಗಿಯೇ ಉಳಿಯುತ್ತದೆ.

ಅಂಗಡಿಯಲ್ಲೇ ನೋಡಿಬಿಡಿ. ಸ್ಕೇಲನ್ನು ಲೈಟಿನ ಕೆಳಗೆ ಹಿಡಿದು ನಿಧಾನಕ್ಕೆ ಹಿಂದೆ ಮುಂದೆ ವಾಲಿಸಿ. ಯಾವುದಾದರೂ ಒಂದು ಕೋನದಲ್ಲಿ ಗೆರೆಗಳು ಪೂರ್ತಿ ಅಳಿಸಿಹೋದಂತೆ ಕಂಡರೆ ವಾಪಸ್ ಇಟ್ಟುಬಿಡಿ. ಎಷ್ಟೇ ಒಳ್ಳೆಯ ಹೆಸರಿರಲಿ, ಎಷ್ಟೇ ರಿಯಾಯಿತಿ ಕೊಡಲಿ.

ಎರಡನೆಯದು ಗೆರೆ. ಉಗುರನ್ನು ಅಂಚಿನ ಗುಂಟ ಎಳೆಯಿರಿ. ಸಣ್ಣಗೆ ಗರಗರ ಎಂದು ತಡೆದರೆ ಗೆರೆಗಳನ್ನು ಸ್ಟೀಲಿನಲ್ಲೇ ಕೊರೆದು, ಆ ತೋಡಿಗೆ ಕಪ್ಪು ತುಂಬಿದ್ದಾರೆ ಎಂದು ಅರ್ಥ. ನುಣ್ಣಗೆ ಜಾರಿದರೆ ಬರೀ ಪ್ರಿಂಟು. ಪ್ರಿಂಟ್ ಮಾಡಿದ ಗೆರೆ ಥಿನ್ನರ್ ಬಟ್ಟೆಗೆ, ಮರಳು ಕಾಗದಕ್ಕೆ, ದಿನವೂ ತಿಕ್ಕುವ ಬೆರಳಿಗೆ ಹೋಗುತ್ತಾ ಬರುತ್ತದೆ. ಅದೂ ಮೊದಲು ಸವೆಯುವುದು ನಾವು ಅತಿ ಹೆಚ್ಚು ಬಳಸುವ ಮೊದಲ ಹತ್ತು ಸೆಂಟಿಮೀಟರ್. 'ಲೇಸರ್ ಮಾರ್ಕಿಂಗ್' ಎಂದು ಬರೆದಿದ್ದರೆ ಮರುಳಾಗಬೇಡಿ. ಬಹಳ ಸಲ ಅದು ಮೇಲ್ಮೈಯ ಬಣ್ಣ ಬದಲಾವಣೆ ಮಾತ್ರ, ತೋಡೇ ಇರುವುದಿಲ್ಲ. ಅಲ್ಲೂ ಉಗುರಿನ ಪರೀಕ್ಷೆಯೇ ಸರಿ.

ಕೊರೆದ ಗೆರೆಯಿಂದ ಇನ್ನೊಂದು ಲಾಭವಿದೆ. ಗುರುತು ಹಾಕುವ ಚಾಕುವಿನ ಮೊನೆಯನ್ನು ಆ ತೋಡಿಗೆ ಇಟ್ಟರೆ ಅದು ಅಲ್ಲಿ ಕೂರುವುದು ಕೈಗೆ ಗೊತ್ತಾಗುತ್ತದೆ. ಹಾಗೇ ಅಂಚಿನ ತನಕ ಜಾರಿಸಿ ಮರಕ್ಕೆ ಒಂದು ಚುಕ್ಕೆ ಕೊಡಿ. ಸ್ಕೇಲು ತೆಗೆದು, ಚುಕ್ಕೆಗೆ ಚಾಕು ಇಟ್ಟು, ಮೂಲೆಮಟ್ಟವನ್ನು ಚಾಕುವಿಗೆ ತಾಗುವವರೆಗೆ ಸರಿಸಿ ಗೆರೆ ಎಳೆಯಿರಿ. ಕಣ್ಣು ಅಷ್ಟು ಚುರುಕಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಬೀಟೆಯಂಥ ಕಪ್ಪು ಮರದಲ್ಲಿ ಪೆನ್ಸಿಲ್ ಕಾಣುವುದೇ ಇಲ್ಲವಲ್ಲ, ಅಲ್ಲಂತೂ ಚಾಕುವಿನ ಗೆರೆಯೇ ಗತಿ.

ಮೂರನೆಯದು, ಇಲ್ಲೇ ಜನ ಜಾಸ್ತಿ ಮೋಸ ಹೋಗುವುದು: ಗೆರೆಗಳ ಸಂಖ್ಯೆ. ನಾಲ್ಕು ಅಂಚಿಗೆ ನಾಲ್ಕು ಥರದ ಅಳತೆ ಇರುವ ಸ್ಕೇಲು ಕಂಡರೆ ಕೊಟ್ಟ ದುಡ್ಡಿಗೆ ಲಾಭ ಎನ್ನಿಸುತ್ತದೆ. ಒಂದು ಕಡೆ ಎಂಎಂ, ಇನ್ನೊಂದು ಕಡೆ ಅರ್ಧ ಎಂಎಂ, ಹಿಂದೆ ಇಂಚಿನ 32ನೇ ಭಾಗ, ಅದರ ಪಕ್ಕ 64ನೇ ಭಾಗ. ಅರುವತ್ತನಾಲ್ಕನೇ ಭಾಗ ಎಂದರೆ 0.4 ಎಂಎಂ. ಕಪಾಟು ಮಾಡುವವರಿಗೆ ಅದು ಯಾಕೆ ಬೇಕು? ಪೆನ್ಸಿಲ್ ಗೆರೆಯ ದಪ್ಪವೇ ಸುಮಾರು ಅರ್ಧ ಎಂಎಂ ಇರುತ್ತದೆ. ಅಷ್ಟು ಒತ್ತೊತ್ತಾದ ಗೆರೆಗಳು ಮಳೆಗಾಲದ ಸಂಜೆ ಬೆಳಕಿನಲ್ಲಿ ಒಂದೇ ಬೂದು ಪಟ್ಟಿಯಾಗಿ ಕಾಣುತ್ತವೆ. ಒಂದು ಅಂಚಿಗೆ ಒಂದೊಂದು ಎಂಎಂ ಗೆರೆ ಇರುವ ಸ್ಕೇಲು ತೆಗೆದುಕೊಳ್ಳಿ, ಅದನ್ನೇ ಬಳಸಿ. ಇನ್ನೊಂದು ಅಂಚಿನಲ್ಲಿ ಅರ್ಧ ಎಂಎಂ ಇದ್ದರೆ ಇರಲಿ, ಯಾವಾಗಲಾದರೂ ಬೇಕಾಗುತ್ತದೆ.

ಗೆರೆಗಳ ಉದ್ದವನ್ನೂ ನೋಡಿ. ಒಂದು ಎಂಎಂ ಗೆರೆ ಗಿಡ್ಡ, ಐದಕ್ಕೆ ಮಧ್ಯಮ, ಹತ್ತಕ್ಕೆ ಉದ್ದ. ಈ ಮೂರರ ನಡುವಿನ ವ್ಯತ್ಯಾಸ ಒಂದೇ ನೋಟಕ್ಕೆ ಕಾಣಬೇಕು. ಐದರ ಗೆರೆ ಎದ್ದು ಕಾಣದಿದ್ದರೆ ನೀವು ಪ್ರತಿ ಸಲವೂ ಎಣಿಸುತ್ತೀರಿ. ಎಣಿಸುವಾಗಲೇ 47 ಇದ್ದದ್ದು 48 ಆಗುವುದು. ಅಂಕಿಗಳು ದಪ್ಪಗಿರಲಿ, ಗೆರೆಗಳನ್ನು ಮುಟ್ಟದೆ ದೂರ ಇರಲಿ. ಕೆಲವು ಸ್ಕೇಲುಗಳಲ್ಲಿ 1, 2, 3 ಎಂದು ಸೆಂಟಿಮೀಟರ್ ಇರುತ್ತದೆ, ಕೆಲವದರಲ್ಲಿ 10, 20, 30 ಎಂದು ಎಂಎಂ ಇರುತ್ತದೆ. ಮರಗೆಲಸಕ್ಕೆ ಎಂಎಂ ಅಂಕಿಯೇ ಒಳ್ಳೆಯದು. ಕಾಗದದ ಮೇಲೆ 347 ಎಂದು ಬರೆದಿದ್ದರೆ ಸ್ಕೇಲಿನಲ್ಲಿ 340 ಹುಡುಕಿ ಏಳು ಮುಂದೆ ಹೋದರೆ ಆಯಿತು. ತಲೆಯಲ್ಲಿ ದಶಮಾಂಶದ ಚುಕ್ಕಿ ಇಡುವ ಕೆಲಸ ಇಲ್ಲ.

ಕೊನೆಯದಾಗಿ ಸೊನ್ನೆಯ ತುದಿ. ಸ್ಕೂಲಿನ ಸ್ಕೇಲಿನಲ್ಲಿ ಸೊನ್ನೆಗಿಂತ ಮುಂಚೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಕೆಲಸದ ಸ್ಟೀಲ್ ಸ್ಕೇಲಿನಲ್ಲಿ ತುದಿಯೇ ಸೊನ್ನೆ. ಆ ಮೂಲೆ ಚೂಪಾಗಿ, ನೇರವಾಗಿ ಇದೆಯೇ ನೋಡಿ. ಸ್ಕೇಲಿನ ತುದಿಯಲ್ಲಿ ಪೇಂಟ್ ಡಬ್ಬಿ ಮುಚ್ಚಳ ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ತುದಿ ಸವೆದಿದ್ದರೆ 100ರಿಂದ ಅಳೆದು ಆಮೇಲೆ ಕಳೆಯಬಹುದು. ಆದರೆ ಕಳೆಯಲು ಮರೆತರೆ ಹಲಗೆ ಹತ್ತು ಸೆಂಟಿಮೀಟರ್ ತಪ್ಪಾಗಿ ತುಂಡಾಗುತ್ತದೆ. ಹಾಗೆ ಅಳೆಯುವಾಗ ಬಾಯಿಬಿಟ್ಟು ಹೇಳಿಕೊಂಡೇ ಅಳೆಯಿರಿ.

ನಿಮಗೆ ಮೊದಲು ಬೇಕಾದದ್ದು 300 ಎಂಎಂನದು, ಸುಮಾರು ಒಂದು ಎಂಎಂ ದಪ್ಪದ್ದು, ಬಳುಕಬಾರದು. ಅರ್ಧ ಎಂಎಂ ದಪ್ಪದ ಬಳುಕುವ ಸ್ಕೇಲು ಬಾಗಿದ ಕೆಲಸಕ್ಕೆ ಸರಿ, ನೇರ ಗೆರೆ ಎಳೆಯಲು ಬೇಡ. ಆಮೇಲೆ ಜೇಬಿಗೊಂದು 150, ಕಪಾಟಿನ ಹಲಗೆಗಳಿಗೊಂದು 600. ಕ್ರಿಸ್ಟೀಲ್, ಜಪಾನಿನ ಶಿನ್ವಾ, ಮಿಟುಟೊಯೊ ಇವೆಲ್ಲ ಸ್ಕೇಲಿಗೆ ಹೆಸರಾದವು. ಆದರೆ ಒಂದೇ ಹೆಸರಿನಲ್ಲೂ ಹಲವು ಮಾದರಿ ಇರುತ್ತವೆ. ಹೆಸರು ನೋಡಿ ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋದಾಗ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಓದುವ ಕನ್ನಡಕ ಹಾಕಿಕೊಂಡೇ ಹೋಗಿ.

ಸ್ಕೇಲು ಒಳ್ಳೆಯದಾದರೆ ಸಾಲದು, ಹಿಡಿಯುವುದೂ ಸರಿ ಇರಬೇಕು. ಒಂದು ಎಂಎಂ ದಪ್ಪದ ಸ್ಕೇಲನ್ನು ಹಲಗೆ ಮೇಲೆ ಮಲಗಿಸಿದರೆ ಗೆರೆ ಮರಕ್ಕಿಂತ ಒಂದು ಎಂಎಂ ಮೇಲಿರುತ್ತದೆ. ನಿಮ್ಮ ಕಣ್ಣು 40 ಸೆಂ.ಮೀ. ಎತ್ತರದಲ್ಲಿದ್ದು, ಗೆರೆಯಿಂದ 10 ಸೆಂ.ಮೀ. ಪಕ್ಕಕ್ಕಿದ್ದರೆ ಕಾಲು ಎಂಎಂ ಅಲ್ಲೇ ಹೋಯಿತು. ಎರಡೂ ಕಡೆ ಹಾಗೇ ಆದರೆ ಅರ್ಧ ಎಂಎಂ. ಜಾಯಿಂಟು ಸಡಿಲಾಗಲು ಇಷ್ಟು ಸಾಕು. ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ, ಆಗ ಗೆರೆಗಳು ನೇರ ಮರವನ್ನೇ ಮುಟ್ಟುತ್ತವೆ. ಲೈಟನ್ನು ತಲೆಯ ಮೇಲಿಂದ ತೆಗೆದು ಎಡಗಡೆ ತಗ್ಗಿನಲ್ಲಿಡಿ. ಓರೆ ಬೆಳಕಿಗೆ ಕೊರೆದ ಗೆರೆಯೂ ಚಾಕುವಿನ ಗೆರೆಯೂ ಎದ್ದು ಕಾಣುತ್ತವೆ. ನಮ್ಮ ಕಡೆ ಜೂನ್ ಬಂತೆಂದರೆ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು, ಅಲ್ವಾ? ಹಾಗಾಗಿ ಈ ಮಾತು ಮಲೆನಾಡಿನವರಿಗೆ ಇನ್ನೂ ಮುಖ್ಯ.

ಒಂದು ಕಪಾಟು ಮುಗಿಯುವವರೆಗೆ ಒಂದೇ ಸ್ಕೇಲು. ಅರ್ಧ ಕೆಲಸ ಟೇಪಿನಲ್ಲಿ, ಅರ್ಧ ಸ್ಕೇಲಿನಲ್ಲಿ ಮಾಡಿ ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ನನ್ನ ಸ್ಟೇನ್‌ಲೆಸ್ ಸ್ಕೇಲಿಗೆ ಅಯಸ್ಕಾಂತ ಅಂಟುತ್ತದೆ. ಹಾಗಾದರೆ ಅದು ಡೂಪ್ಲಿಕೇಟ್ ಅಂತೆ, ನಿಜವೇ? (ಅರಸೀಕೆರೆ)

ಸುಳ್ಳು. ಪಾತ್ರೆಯ ಸ್ಟೀಲಿಗೆ ಹೇಳುವ ಮಾತನ್ನು ತಂದು ಸ್ಕೇಲಿಗೆ ಅಂಟಿಸಿದ್ದಾರೆ. ಗಡಸು ಮಾಡಲು ಬರುವ ಸ್ಟೇನ್‌ಲೆಸ್ ಸ್ಟೀಲು ಬೇರೆ ಜಾತಿಯದು, 420 ಎಂಬ ದರ್ಜೆಯಂಥದ್ದು. ಅದಕ್ಕೆ ಅಯಸ್ಕಾಂತ ಅಂಟಿಯೇ ಅಂಟುತ್ತದೆ. ಒಳ್ಳೆಯ ಸ್ಕೇಲುಗಳಲ್ಲಿ ಹೆಚ್ಚಾಗಿ ಅದೇ ಇರುವುದು.

ಪ್ರಶ್ನೆ: ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ. ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಲೇ? (ಕಡೂರು)

ಬೇಡ! ಕೊಕ್ಕೆ ತನ್ನ ದಪ್ಪದಷ್ಟು ಅಲ್ಲಾಡಲೆಂದೇ ಹಾಗೆ ಮಾಡಿದ್ದಾರೆ. ಹೊರಗೆ ಸಿಕ್ಕಿಸಿ ಎಳೆದರೂ, ಒಳಗೆ ತಾಗಿಸಿ ಒತ್ತಿದರೂ ಅಳತೆ ಒಂದೇ ಬರಲಿ ಎಂದು.

ಪ್ರಶ್ನೆ: ಕೆಂಪು, ಕಪ್ಪು ಬಣ್ಣದಲ್ಲಿ ಶುಭ-ಅಶುಭ ಗುರುತಿರುವ ಟೇಪು ಬಾಗಿಲ ಅಳತೆಗೆ ಒಳ್ಳೆಯದೇ? (ಹಾಸನ)

ಬಾಗಿಲು ಮನುಷ್ಯರು ಹೋಗಿ ಬರುವಷ್ಟು ಇರಬೇಕು, ಚೌಕಟ್ಟಿಗೆ ಹೊಂದಬೇಕು. ಅದಕ್ಕೆ ಬಣ್ಣದ ಟೇಪು ಬೇಕಿಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ಸರಿಯಾಗಿ ಅಳೆದು ಮಾಡಿದ ಹಲಸಿನ ಬಾಗಿಲು ಮಳೆಗಾಲದಲ್ಲಿ ಹಿಡಿಯುತ್ತಿದೆ. ಬಿಸಿಲಿಗೆ ಸ್ಕೇಲು ಹಿಗ್ಗಿ ಅಳತೆ ತಪ್ಪಿತೇ? (ಸಕಲೇಶಪುರ)

300 ಎಂಎಂ ಸ್ಟೀಲ್ ಸ್ಕೇಲು 10 ಡಿಗ್ರಿ ಬಿಸಿ ಏರಿದರೆ ಹಿಗ್ಗುವುದು 0.03ರಿಂದ 0.05 ಎಂಎಂ. ಅದನ್ನು ನೀವು ಓದಲೂ ಆಗುವುದಿಲ್ಲ. ಹಿಗ್ಗಿದ್ದು ಮರ. ಹಲಗೆ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಆದರೆ ಗಾಳಿಯ ತೇವ ಹೀರಿ ಅಗಲಕ್ಕೆ ಎಂಎಂಗಟ್ಟಲೆ ಹಿಗ್ಗುತ್ತದೆ. ಸಕಲೇಶಪುರದ ಮಳೆಗೆ ಇದು ಆಗಲೇಬೇಕು. ಸಂದು ಬಿಟ್ಟು ಮಾಡಬೇಕಿತ್ತು. ಈಗ ಅವಸರಪಟ್ಟು ಕೀಸಬೇಡಿ, ಬೇಸಿಗೆಗೆ ಸಂದು ಬೀಳುತ್ತದೆ. ಮಳೆ ನಿಂತ ಮೇಲೆ ನೋಡಿ.

ಪ್ರಶ್ನೆ: ಇಂಚೋ, ಎಂಎಂಓ? ನಮ್ಮ ಆಚಾರ್ರು ಇಂಚು, ನೂಲು ಅಂತಲೇ ಹೇಳುತ್ತಾರೆ. (ಬೇಲೂರು)

ಅವರು ಹೇಳಲಿ, ಅವರ ಕೈಗೆ ಅದು ಕೂತಿದೆ. ನೀವು ಎಂಎಂನಲ್ಲೇ ಕಲಿಯಿರಿ. ಮೆಟ್ರಿಕ್ ಅಳತೆಗೆ ದೇಶದಲ್ಲಿ 1956ರಲ್ಲೇ ಕಾನೂನು ಬಂತು. ಆದರೂ ಪ್ಲೈವುಡ್ಡನ್ನು ಎಂಟಡಿ-ನಾಲ್ಕಡಿ ಎಂದು ಕೇಳಿ, ದಪ್ಪ ಮಾತ್ರ 18 ಎಂಎಂ ಎನ್ನುತ್ತೇವೆ. ಒಂದು ನೂಲು ಎಂದರೆ ಇಂಚಿನ ಎಂಟನೇ ಒಂದು ಪಾಲು, 3.175 ಎಂಎಂ. ಅದನ್ನು ಸುಮ್ನೆ ಮೂರು ಎಂಎಂ ಎಂದುಕೊಂಡು ಲೆಕ್ಕ ಹಾಕಿದರೆ ಆರು ನೂಲಿಗೆ ಒಂದು ಎಂಎಂ ಕೊರತೆ ಬೀಳುತ್ತದೆ. ಒಂದೇ ಕೆಲಸದಲ್ಲಿ ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಮೊಬೈಲಿನ ಸ್ಕೇಲ್ ಆ್ಯಪ್ ನಂಬಬಹುದೇ? (ಚಿಕ್ಕಮಗಳೂರು)

ಇಲ್ಲ.

ಪ್ರಶ್ನೆ: ಹಳೆಯ ಸ್ಕೇಲಿಗೆ ತುಕ್ಕು ಹಿಡಿದಿದೆ. ವಿಡಿಯೊ ನೋಡಿ ಹುಣಸೆಹಣ್ಣಿನಲ್ಲಿ ರಾತ್ರಿಯಿಡೀ ನೆನೆಸಿದೆ. ತುಕ್ಕಿನ ಜೊತೆ ಗೆರೆಯೂ ಮಂಕಾಯಿತು. ಏನಾದರೂ ಮಾಡಬಹುದೇ? (ಶೃಂಗೇರಿ)

ಇಂಥ ವಿಡಿಯೊ ಮಾಡುವವರು ಒಮ್ಮೆಯಾದರೂ ಆ ಸ್ಕೇಲಿನಲ್ಲಿ ಅಳೆದು ನೋಡಬೇಕಿತ್ತು. ಹುಣಸೆಯೂ ವಿನೆಗರೂ ಹುಳಿ. ತುಕ್ಕು ತಿಂದ ಮೇಲೆ ಸ್ಟೀಲಿಗೂ ಬಾಯಿ ಹಾಕುತ್ತವೆ. ಗೆರೆಯ ಅಂಚು ಮೊಂಡಾಗುತ್ತದೆ, ಸರಿಯಾಗಿ ತೊಳೆದು ಒಣಗಿಸದಿದ್ದರೆ ಮತ್ತೆ ತುಕ್ಕು ಬರುತ್ತದೆ. ಮರಳು ಕಾಗದದಲ್ಲಿ ಉಜ್ಜುವುದೂ ಅಷ್ಟೇ ಕೆಟ್ಟದ್ದು.

ಈಗ ಹೀಗೆ ಮಾಡಿ. ತೊಳೆದು ಪೂರ್ತಿ ಒಣಗಿಸಿ. ಉಗುರಿಗೆ ತೋಡು ಇನ್ನೂ ಸಿಕ್ಕುತ್ತದೆ ಎಂದರೆ ಸ್ಕೇಲು ಉಳಿಯುತ್ತದೆ. ಕಪ್ಪು ಎನಾಮೆಲ್ ಪೇಂಟನ್ನು ಬಟ್ಟೆಯಲ್ಲಿ ಗೆರೆಗಳ ಮೇಲೆ ತಿಕ್ಕಿ. ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ರಟ್ಟಿನ ಅಂಚಿನಿಂದ ಮೇಲಿನ ಪೇಂಟನ್ನು ಗೆರೆಗೆ ಅಡ್ಡವಾಗಿ ಎಳೆದು ತೆಗೆಯಿರಿ. ಗೆರೆಯ ಗುಂಟ ಎಳೆದರೆ ತುಂಬಿದ್ದೂ ಹೊರಗೆ ಬರುತ್ತದೆ. ಒಂದು ದಿನ ಒಣಗಲಿ. ಆಮೇಲೆ ತೆಳ್ಳಗೆ ಮೆಷಿನ್ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಬಳಸುವ ಮುಂಚೆ ಎಣ್ಣೆ ಒರೆಸಿ, ಇಲ್ಲದಿದ್ದರೆ ಮರ ಕಲೆಯಾಗುತ್ತದೆ. ಹಸಿ ತೇಗದ ಮೇಲೆ ತುಕ್ಕಿನ ಸ್ಕೇಲು ಮರೆತು ಬಿಟ್ಟರಂತೂ ಕಪ್ಪು ಕಲೆ ಖಂಡಿತ.

ಇಷ್ಟು ಮಾಡಿಯೂ ಗೆರೆ ಕಾಣದಿದ್ದರೆ ಅದನ್ನು ಪೇಂಟ್ ಕಲಸಲು ಇಟ್ಟುಕೊಳ್ಳಿ. ಅಳೆಯಲು ಹೊಸದು ತನ್ನಿ.