ಟ್ರಾಫಿಕ್ ಪೊಲೀಸರಿಗೆ ದಿನಕ್ಕಿಷ್ಟು ಕೇಸ್ ಎಂಬ ಟಾರ್ಗೆಟ್ ಉಂಟೇ?

ಪ್ರಶ್ನೆ: ತಿಂಗಳ ಕೊನೆ ಬಂತೆಂದರೆ ಮಂಗಳೂರಿನ ನಂತೂರು, ಕೊಟ್ಟಾರ ಚೌಕಿ, ಪಂಪ್‌ವೆಲ್ ಎಲ್ಲ ಕಡೆ ತಪಾಸಣೆ ಜೋರು. ಮೊನ್ನೆ ಹೆಲ್ಮೆಟ್ ಇಲ್ಲದ್ದಕ್ಕೆ ನನಗೂ 500 ರೂಪಾಯಿ ಬಿತ್ತು. ‘ಅವರಿಗೆ ಟಾರ್ಗೆಟ್ ಉಂಟು ಮಾರಾಯ, ಕೋರ್ಟಿಗೆ ಹೋದರೆ ಕೇಸ್ ನಿಲ್ಲುವುದಿಲ್ಲ’ ಎನ್ನುತ್ತಾನೆ ಗೆಳೆಯ. ನಿಜವೇ?
– ಓದುಗರೊಬ್ಬರು, ಕಾವೂರು

ಉತ್ತರ: ಕಾನೂನಿನಲ್ಲಿ ಅಂಥದ್ದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಾಗಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಾಗಲಿ ಒಬ್ಬ ಅಧಿಕಾರಿ ದಿನಕ್ಕೆ ಇಷ್ಟು ವಾಹನ ತಡೆಯಬೇಕು, ಇಷ್ಟು ದಂಡ ಹಾಕಬೇಕು ಎಂಬ ಮಾತು ಎಲ್ಲಿಯೂ ಬರುವುದಿಲ್ಲ. ಹಾಗಂತ ಲೆಕ್ಕದ ಒತ್ತಡವೇ ಇಲ್ಲ ಎಂದರೆ ಅದನ್ನು ಯಾರೂ ನಂಬಲಿಕ್ಕಿಲ್ಲ, ನಂಬಬೇಕಾಗಿಯೂ ಇಲ್ಲ.

ಮಂಗಳೂರಿನಲ್ಲಿ ಕದ್ರಿಯ ಪೂರ್ವ, ಪಾಂಡೇಶ್ವರದ ಪಶ್ಚಿಮ, ಬೈಕಂಪಾಡಿಯ ಉತ್ತರ, ನಾಗುರಿಯ ದಕ್ಷಿಣ ಹೀಗೆ ನಾಲ್ಕು ಸಂಚಾರ ಠಾಣೆಗಳಿವೆ. ಇಷ್ಟು ಠಾಣೆಗಳ ಕೇಸಿನ ಲೆಕ್ಕ ಅಕ್ಕಪಕ್ಕ ಬಂದರೆ ಕಡಿಮೆ ಇರುವವರಿಗೆ ‘ಯಾಕೆ ಕಡಿಮೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದು ಬರಹದ ಆದೇಶವಲ್ಲ, ಆದರೆ ರಸ್ತೆಯಲ್ಲಿ ನಿಂತವರಿಗೆ ಅರ್ಥವಾಗುತ್ತದೆ. ಒತ್ತಡ ಇನ್ನೂ ಮೇಲಿನಿಂದಲೂ ಬರುತ್ತದೆ. ಅತಿ ವೇಗ, ಕೆಂಪು ದೀಪ ದಾಟುವುದು, ಕುಡಿದು ಓಡಿಸುವುದು, ಓಡಿಸುತ್ತ ಮೊಬೈಲ್ ಬಳಸುವುದು, ಸರಕು ವಾಹನದಲ್ಲಿ ಓವರ್‌ಲೋಡ್, ಸರಕು ವಾಹನದಲ್ಲಿ ಜನರನ್ನು ತುಂಬುವುದು – ಇವುಗಳಿಗೆ ಕನಿಷ್ಠ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ರಾಜ್ಯಗಳಿಗೆ ಸೂಚಿಸಿತು. ಸೂಚನೆ ಬಂದ ಮೇಲೆ ಎಷ್ಟು ಮಾಡಿದಿರಿ ಎಂಬ ವರದಿಯನ್ನೂ ಕೊಡಬೇಕಲ್ಲ.

ತೊಂದರೆ ಇರುವುದು ಲೆಕ್ಕ ಕೇಳುವುದರಲ್ಲಲ್ಲ, ಯಾವ ಲೆಕ್ಕ ಕೇಳುತ್ತಾರೆ ಎಂಬುದರಲ್ಲಿ. ಬರೀ ಕೇಸುಗಳ ಸಂಖ್ಯೆ ಕೇಳಿದರೆ ಸುಲಭದ ಕೇಸೇ ಹೆಚ್ಚುತ್ತದೆ. ಹೆಲ್ಮೆಟ್ ಇಲ್ಲದವರನ್ನು ಹಿಡಿಯಲು ಎರಡು ಕಣ್ಣು ಸಾಕು. ಹೆದ್ದಾರಿ 66ರಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ವೇಗ ಹಿಡಿಯಲು ಯಂತ್ರ ಬೇಕು, ಫೋಟೊ ಬೇಕು, ಚಾಲಕ ಯಾರೆಂದು ಪತ್ತೆ ಮಾಡಬೇಕು. ಎರಡೂ ಒಂದೊಂದೇ ಕೇಸ್ ಎಂದಾದರೆ ಸ್ಕೂಟರಿನವರೇ ಹೆಚ್ಚು ಸಿಕ್ಕಿಬೀಳುತ್ತಾರೆ.

ಟಾರ್ಗೆಟ್ ಎಂಬ ಮಾತು ದೊಡ್ಡ ಜಗಳವಾದದ್ದು ಅಮೆರಿಕದಲ್ಲಿ. ಫರ್ಗುಸನ್ ಎಂಬ ಊರಿನ ಪೊಲೀಸರ ಬಗ್ಗೆ ಅಲ್ಲಿನ ನ್ಯಾಯ ಇಲಾಖೆ 2015ರಲ್ಲಿ ಕೊಟ್ಟ ವರದಿ, ದಂಡದ ದುಡ್ಡಿನಿಂದ ನಗರದ ಬೊಕ್ಕಸ ತುಂಬಿಸುವುದೇ ಮುಖ್ಯವಾಗಿತ್ತು ಎಂದಿತು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಇಲಿನಾಯ್ ರಾಜ್ಯಗಳಲ್ಲಿ ಇಂಥ ಕೋಟಾ ವಿರುದ್ಧ ಕಾನೂನೇ ಇದೆ. ನಮ್ಮಲ್ಲಿ ದಂಡ ಹೋಗುವುದು ರಾಜ್ಯ ಸರ್ಕಾರದ ಖಜಾನೆಗೆ. ಚಲನ್ ಹರಿದು ಕೊಟ್ಟ ಅಧಿಕಾರಿಗೆ ಅದರಲ್ಲಿ ಪಾಲಿಲ್ಲ, ಠಾಣೆಗೂ ಇಲ್ಲ. ರಸೀದಿ ಕೊಡದೆ ತೆಗೆದುಕೊಂಡದ್ದು ದಂಡವೇ ಅಲ್ಲ, ಅದಕ್ಕೆ ಬೇರೆ ಹೆಸರುಂಟು.

ಇನ್ನು ಗೆಳೆಯರ ಸಲಹೆ. ಅದನ್ನು ನಂಬಬೇಡಿ. ಕೋರ್ಟು ಕೇಳುವುದು ನಿಮ್ಮ ತಲೆಯ ಮೇಲೆ ಹೆಲ್ಮೆಟ್ ಇತ್ತೇ ಇಲ್ಲವೇ ಎಂದು. ಪೊಲೀಸರಿಗೆ ಟಾರ್ಗೆಟ್ ಇತ್ತೇ ಎಂದಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 194ಡಿ ಪ್ರಕಾರ ಹೆಲ್ಮೆಟ್ ದಂಡ 1,000 ರೂಪಾಯಿ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. 500 ಎಂಬುದು ರಾಜ್ಯ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಇಳಿಸಿದ ಸ್ಥಳದಂಡ. ಕಲಂ 200ರಂತೆ ಕೇಸನ್ನು ಅಲ್ಲಿಗೇ ಮುಗಿಸಿಕೊಳ್ಳುವ ಮೊತ್ತ. ಸ್ಥಳದಲ್ಲೇ ಕಟ್ಟಬೇಕೆಂಬ ಬಲವಂತವಿಲ್ಲ, ‘ಕೋರ್ಟಿಗೆ ಕಳಿಸಿ’ ಎನ್ನಬಹುದು. ಆದರೆ ತಪ್ಪು ನಿಜವಾಗಿದ್ದರೆ ಅಲ್ಲಿ ಹೆಚ್ಚೇ ಬೀಳಬಹುದು. ಅನೇಕರು ಗಮನಿಸದ ಒಂದು ಸಂಗತಿ: ದಂಡ ಕಟ್ಟಿ ಮುಗಿಸಿದ ಕೇಸೂ ‘ಮೊದಲ ತಪ್ಪು’ ಎಂದೇ ಲೆಕ್ಕ. ಮುಂದಿನ ಸಲ ಅದೇ ತಪ್ಪಿಗೆ ಸಿಕ್ಕಿಬಿದ್ದರೆ ಅದು ಎರಡನೆಯದಾಗುತ್ತದೆ.

ಕೇಸ್ ನಿಜವಾಗಿಯೂ ಬೀಳುವುದು ಚೀಟಿಯಲ್ಲಿ ತಪ್ಪಿದ್ದಾಗ. ಕೈಗೆ ಬಂದ ಕೂಡಲೇ ವಾಹನ ಸಂಖ್ಯೆ, ಸಮಯ, ಸ್ಥಳ, ಕಲಂ ನಾಲ್ಕನ್ನೂ ಓದಿ. ಕ್ಯಾಮೆರಾ ಚಲನ್ ಆದರೆ ಫೋಟೊ ತೆರೆದು ನೋಡಿ: 3 ಹೋಗಿ 8 ಆಗಿರುತ್ತದೆ, ಇಲ್ಲವೇ ನೀವು ಮಾರಿದ ಬೈಕು ಇನ್ನೂ ನಿಮ್ಮ ಹೆಸರಲ್ಲೇ ಓಡುತ್ತಿರುತ್ತದೆ. ಇಂಥದ್ದು ಕಂಡರೆ ದಂಡ ಕಟ್ಟುವ ಮೊದಲೇ ಆರ್‌ಸಿ ಪ್ರತಿ, ವಾಹನದ ಫೋಟೊ ಹಿಡಿದುಕೊಂಡು ಚಲನ್ ಹಾಕಿದ ಠಾಣೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಕಟ್ಟಿದ ಮೇಲೆ ತಕರಾರು ಮಾಡಿದರೆ ಒಪ್ಪಿಕೊಂಡೇ ಕಟ್ಟಿದಿರಲ್ಲ ಎನ್ನುತ್ತಾರೆ. (ವಾಟ್ಸ್ಆ್ಯಪ್‌ನಲ್ಲಿ ‘ಚಲನ್’ ಎಂದು ಆ್ಯಪ್ ಇನ್‌ಸ್ಟಾಲ್ ಮಾಡಿಸುವ ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ, ಅದು ಬ್ಯಾಂಕ್ ಖಾತೆ ದೋಚುವ ಜಾಲ.)

ಪ್ರಶ್ನೆ: ಉಡುಪಿ ಕಲ್ಸಂಕದಲ್ಲಿ ತಪ್ಪೇನೂ ಮಾಡದಿದ್ದರೂ ನಿಲ್ಲಿಸಿ ದಾಖಲೆ ಕೇಳಿದರು, ಕೀ ಕೂಡ ಎಳೆದುಕೊಂಡರು. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಕೇಳಬಹುದು. ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಲೈಸೆನ್ಸ್ ಕೇಳಿದರೆ ತೋರಿಸಬೇಕೆಂದು ಮೋಟಾರು ವಾಹನ ಕಾಯ್ದೆಯ ಕಲಂ 130 ಹೇಳುತ್ತದೆ. ಆದರೆ ಬರೀ ದಾಖಲೆ ನೋಡಲು ವಾಹನ ತಡೆಯಬೇಡಿ, ಕಣ್ಣಿಗೆ ಕಾಣುವ ಉಲ್ಲಂಘನೆ ಇದ್ದರೆ ಮಾತ್ರ ತಡೆಯಿರಿ, ಕುಡಿದು ಓಡಿಸುವವರ ತಪಾಸಣೆ ಮಾತ್ರ ಇದಕ್ಕೆ ಹೊರತು ಎಂದು ಆಗ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಪ್ರವೀಣ್ ಸೂದ್ 2022ರ ಜೂನ್‌ನಲ್ಲಿ ಸ್ಪಷ್ಟಪಡಿಸಿದ್ದರು. ಇದು ಇಲಾಖೆಯೊಳಗಿನ ಸೂಚನೆ. ಅದನ್ನು ಹಿಡಿದು ರಸ್ತೆಯಲ್ಲೇ ವಾದಕ್ಕೆ ನಿಲ್ಲುವುದರಿಂದ ಉಪಯೋಗ ಕಡಿಮೆ. ದಾಖಲೆಗಳನ್ನು ಸರ್ಕಾರದ ಆ್ಯಪ್‌ಗಳಾದ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೆ ಸಾಕು. ಕೀ ಎಳೆಯಲು ಕಾಯ್ದೆಯಲ್ಲಿ ಅಧಿಕಾರವಿಲ್ಲ. ಎದೆಯ ಮೇಲಿನ ಹೆಸರು, ಸ್ಥಳ, ಸಮಯ ಬರೆದುಕೊಂಡು ಎಸ್ಪಿ ಕಚೇರಿಗೆ ದೂರು ಕೊಡಿ.

ಪ್ರಶ್ನೆ: ಟಾರ್ಗೆಟ್ ಇದೆಯೋ ಇಲ್ಲವೋ ಎಂದು ಆರ್‌ಟಿಐನಲ್ಲಿ ಕೇಳಬಹುದೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ‘ಟಾರ್ಗೆಟ್ ಇದೆಯೇ?’ ಎಂದು ಕೇಳಿದರೆ ‘ಅಂಥ ಮಾಹಿತಿ ಲಭ್ಯವಿಲ್ಲ’ ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಅಭಿಪ್ರಾಯ ಕೇಳಬೇಡಿ, ಕಡತದಲ್ಲಿ ಇರುವುದನ್ನು ಕೇಳಿ: ಒಂದು ವರ್ಷದಲ್ಲಿ ನಾಲ್ಕೂ ಸಂಚಾರ ಠಾಣೆಗಳು ತಿಂಗಳುವಾರು, ಕಲಂವಾರು ದಾಖಲಿಸಿದ ಕೇಸುಗಳು ಮತ್ತು ಸಂಗ್ರಹವಾದ ದಂಡ; ಜೊತೆಗೆ ಪ್ರಕರಣಗಳ ಸಂಖ್ಯೆಯ ಬಗ್ಗೆ ಹೊರಡಿಸಿದ ಸುತ್ತೋಲೆಗಳ ಪ್ರತಿ. ಪೊಲೀಸ್ ಆಯುಕ್ತರ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಅಂಕಿಗೊಂದು, ಸುತ್ತೋಲೆಗೊಂದು ಬೇರೆ ಬೇರೆ ಅರ್ಜಿ ಹಾಕುವುದೇ ಲೇಸು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಂಕಿ ಕೈಗೆ ಬಂದಾಗ ಒಟ್ಟು ಮೊತ್ತಕ್ಕಿಂತ ಮೊದಲು ಹೆಲ್ಮೆಟ್ ಕೇಸೆಷ್ಟು, ಅತಿ ವೇಗದ ಕೇಸೆಷ್ಟು ಎಂದು ಅಕ್ಕಪಕ್ಕ ಇಟ್ಟು ನೋಡಿ.